ಪಟ್ಟದ ಗೊಂಬೆಗೆ ಬಿಳಿ ಯಾಕೆ?

ಬೆಳ್ಳಿಗುಂದದ ದೊರೆ ಕೆಂಚನಾಯಕನಿಗೆ ‘ಮೃದುಭಾಷಿ’ ಎಂಬ ಬಿರುದಿತ್ತು. ಬಿರುದು ಕೊಟ್ಟವರಲ್ಲಿ ಒಬ್ಬರೂ ಅವನ ಬಾಯಿಂದ ನೇರವಾಗಿ ಒಂದು ಮಾತು ಕೇಳಿದವರಲ್ಲ.

ಆ ಅರಮನೆಯ ಪದ್ಧತಿಯೇ ಹಾಗೆ. ತುಂಬಿದ ಸಭೆಯಲ್ಲಿ ದೊರೆ ಬಾಯಿ ಬಿಡುವಂತಿಲ್ಲ. ಪಕ್ಕದಲ್ಲಿ ನಿಂತ ತಿಪ್ಪರಸನ ಕಿವಿಯಲ್ಲಿ ಉಸುರಬೇಕು, ತಿಪ್ಪರಸ ಅದನ್ನು ಸಭೆಗೆ ಸಾರಬೇಕು. ದೊರೆ, “ಆ ಕತ್ತೆಯನ್ನು ಹೊರಗಟ್ಟು” ಎಂದರೆ ತಿಪ್ಪರಸ, “ತಾವು ದಣಿದಿದ್ದೀರಿ, ಹೋಗಿ ವಿಶ್ರಮಿಸಿಕೊಳ್ಳಿ ಎಂದು ಪ್ರಭುಗಳ ಕಾಳಜಿ” ಎನ್ನುತ್ತಿದ್ದ. ಆ ಕತ್ತೆ ಊರೆಲ್ಲ ದೊರೆಯನ್ನು ಹೊಗಳಿಕೊಂಡು ತಿರುಗುತ್ತಿತ್ತು.

ದೊರೆಯ ಮಗಳ ಮದುವೆ ಹತ್ತಿರ ಬಂತು. ಮಗಳ ಜೊತೆ ಕಳಿಸುವ ಪಟ್ಟದ ಗೊಂಬೆಗಳನ್ನು, ಅಂದರೆ ಮರದ ರಾಜ ರಾಣಿಯರನ್ನು, ಚಿತ್ರಗಾರ ಸಂಕಪ್ಪ ಮಾಡುತ್ತಿದ್ದ. ಒಂದು ಸಂಜೆ ದೊರೆ ತಿಪ್ಪರಸನನ್ನು ಕರೆದುಕೊಂಡು ಅವನ ಚಾವಡಿಗೇ ಹೋದ. ನೋಡಿದರೆ ರಾಜ ರಾಣಿ ಇಬ್ಬರೂ ಅಡಿಯಿಂದ ಮುಡಿಯವರೆಗೆ ಬಿಳಿ!

“ಏನೋ ಇದು? ಕೆಂಪು, ಹಸಿರು ಬಳಿ ಅಂದರೆ ಬೂದಿ ಮೆತ್ತಿದ್ದೀಯ!”

“ಇದು ತಳದ ಬಿಳಿ, ಬುದ್ಧಿ. ಹುಣಸೆ ಬೀಜದ ಅಂಟಿಗೆ ಬಿಳಿ ಮಣ್ಣು ಕಲಸಿ ಬಳಿದದ್ದು. ಇದು ಒಣಗಿದ ಮೇಲೇ ಬಣ್ಣ. ಬರೀ ಮರ ಬಣ್ಣ ಕುಡಿದುಬಿಡ್ತದೆ. ಗಂಟಿನ ಎಣ್ಣೆ ಮೇಲೆದ್ದು ಮುಖವೆಲ್ಲ ಕಲೆ ಆಗ್ತದೆ.”

“ಬಣ್ಣ ಹಚ್ಚಿದ ಮೇಲೆ ಈ ಬಿಳಿ ಕಾಣುತ್ತದೋ?”

“ಇಲ್ಲ, ಬುದ್ಧಿ.”

“ಕಾಣದ್ದು ಯಾಕೆ ಬೇಕು? ಕೆರೆದು ಹಾಕು! ನೇರ ಬಣ್ಣ ಬಳಿ. ಮದುವೆಯೊಳಗೆ ಒಂದು ಕಲೆ ಎದ್ದರೂ ಗಂಟುಮೂಟೆ ಕಟ್ಟಿಕೊಂಡು ರಾಜ್ಯ ಬಿಡು.”

ತಿಪ್ಪರಸ ಏನೋ ಹೇಳಲು ಹೋದ. “ನೀನು ಸುಮ್ಮನಿರಯ್ಯ” ಎಂದು ದೊರೆ ಹೊರಟೇಬಿಟ್ಟ.

ಸಂಕಪ್ಪ ಉಳಿ ಹಿಡಿದುಕೊಂಡು ಅಳುವ ಹಾಗಾಗಿದ್ದ. “ಕೆರೆದರೂ ನನಗೆ ಊರಿಲ್ಲ, ಕೆರೆಯದಿದ್ದರೂ ಊರಿಲ್ಲ. ಅಜ್ಜನ ಕಾಲದಿಂದ ಇಲ್ಲೇ ಇದ್ದವರು, ಎಲ್ಲಿಗೆ ಹೋಗಲಿ ಸ್ವಾಮಿ?”

“ಎಲ್ಲಿಗೂ ಹೋಗಬೇಡ. ನಾಳೆ ಮಧ್ಯಾಹ್ನದವರೆಗೆ ಉಳಿಯನ್ನು ಮುಟ್ಟಲೂ ಬೇಡ” ಎಂದ ತಿಪ್ಪರಸ.

ಮಾರನೆಯ ದಿನ ಗಂಡಿನ ಕಡೆಯವರು ಮದುವೆಯ ಏರ್ಪಾಟಿನ ಮಾತುಕತೆಗೆ ಬಂದರು. ಸಭೆ ತುಂಬಿತು. ಬೀಗರು ಕೈಮುಗಿದು ಕೂತರು. ಹಸಿದಿದ್ದ ದೊರೆ ನಗುಮುಖ ಕೆಡಿಸಿಕೊಳ್ಳದೆ ತಿಪ್ಪರಸನ ಕಿವಿಯಲ್ಲಿ ಉಸುರಿದ: “ಸರಿಯಾಗಿ ಊಟದ ಹೊತ್ತಿಗೇ ವಕ್ಕರಿಸಿದರಲ್ಲ, ಹೊಟ್ಟೆಬಾಕರು!”

ತಿಪ್ಪರಸ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಸಾರಿದ: “ಪ್ರಭುಗಳು ಹೇಳುತ್ತಿದ್ದಾರೆ. ಸರಿಯಾಗಿ ಊಟದ ಹೊತ್ತಿಗೇ ಬಂದರಲ್ಲ…”

ಅಷ್ಟಕ್ಕೇ ನಿಲ್ಲಿಸಿದ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊರೆ ತಿಪ್ಪರಸನ ಶಲ್ಯ ಹಿಡಿದೆಳೆದು ಕಿವಿಯಲ್ಲಿ ಉಸುರಿದ.

“ಏನಯ್ಯಾ ಮಾಡುತ್ತಿದ್ದೀಯ? ಮದುವೆ ಮುರಿಯುತ್ತೀಯಾ?”

ತಿಪ್ಪರಸನೂ ಮೆಲ್ಲಗೆ ಹೇಳಿದ: “ನೇರ ಬಣ್ಣ, ಪ್ರಭು. ಕಾಣದ ಬಿಳಿ ಬೇಡವೆಂದು ನಿನ್ನೆ ತಮ್ಮದೇ ಅಪ್ಪಣೆ. ಇಷ್ಟು ವರ್ಷ ತಮ್ಮ ಮಾತಿನ ಕೆಳಗೆ ನಾನು ಬಳಿಯುತ್ತಿದ್ದದ್ದೂ ಯಾರಿಗೂ ಕಂಡಿಲ್ಲ. ಉಳಿದ ಮಾತನ್ನೂ ಹಾಗೇ ಹೇಳಲೇ?”

“ಬೇಡ, ಬೇಡ! ಬಳಿ! ಬೇಗ ಬಳಿಯಯ್ಯಾ!”

“ಗೊಂಬೆಗಳಿಗೆ?”

“ಅದಕ್ಕೂ ಬಳಿಯಲಿ! ಎಲ್ಲದಕ್ಕೂ ಎರಡೆರಡು ಸಲ ಬಳಿದು ಸಾಯಿರಿ!”

ತಿಪ್ಪರಸ ಸಭೆಯತ್ತ ತಿರುಗಿ ಕೈಮುಗಿದ. “…ಎಂದು ಪ್ರಭುಗಳಿಗೆ ಹಿಗ್ಗು. ಸಂತೋಷಕ್ಕೆ ಅವರ ಗಂಟಲು ಕಟ್ಟಿತ್ತು, ಅದಕ್ಕೇ ತಡವಾಯಿತು. ಬೀಗರು ಪಕ್ಕದಲ್ಲಿ ಕೂರದಿದ್ದರೆ ಇವತ್ತು ಅವರಿಗೆ ತುತ್ತು ಇಳಿಯುತ್ತಿರಲಿಲ್ಲ. ದಯವಿಟ್ಟು ಎಲೆಗೆ ಏಳಿ.”

ಬೀಗರಲ್ಲಿ ಹಿರಿಯರೊಬ್ಬರು ಕಣ್ಣೊರೆಸಿಕೊಂಡರಂತೆ. ಪಾಪ, ಒಳ್ಳೆಯ ಜನ.

ಮದುವೆಯ ದಿನ ಪಟ್ಟದ ಗೊಂಬೆಗಳು ಒಂದೇ ಒಂದು ಕಲೆಯಿಲ್ಲದೆ ಮಿರಮಿರ ಮಿಂಚಿದವು. ಬಂದವರೆಲ್ಲ ಬಾಯ್ತುಂಬ ಹೊಗಳಿದರು. ಬಹುಮಾನ ಕೊಡದೆ ದೊರೆಗೆ ದಾರಿಯಿರಲಿಲ್ಲ. ಸಭೆಯಲ್ಲಿ ತಿಪ್ಪರಸನ ಕಿವಿಗೆ ಬಾಗಿ, “ಗೆದ್ದ, ಬಡವ. ಒಂದು ಶಾಲು ಬಿಸಾಕಿ ಕಳಿಸು” ಎಂದ.

ತಿಪ್ಪರಸ ಸಾರಿದ: “ಸಂಕಪ್ಪನ ಕೈಚಳಕಕ್ಕೆ ಪ್ರಭುಗಳು ಮನಸೋತಿದ್ದಾರೆ. ಅವನಿಗೆ ಜರಿ ಶಾಲು ಹೊದಿಸಿ, ಚಾವಡಿಯ ಹಿಂದಿನ ಹೊಲವನ್ನೂ ಅವನ ಹೆಸರಿಗೆ ಬಿಟ್ಟುಕೊಟ್ಟಿದ್ದಾರೆ!”

ಸಭೆ ಜೈಕಾರ ಹಾಕಿತು. ದೊರೆ ಹಲ್ಲು ಕಡಿಯುತ್ತ ಅವನ ಕಿವಿಯಲ್ಲಿ, “ಹೊಲ ಯಾವಾಗ ಕೊಟ್ಟೆನೋ?” ಎಂದ.

“ಶಾಲು ಮೊದಲನೆಯ ಸಲದ್ದು, ಪ್ರಭು. ಎರಡೆರಡು ಸಲ ಬಳಿಯಲು ತಾವೇ ಹೇಳಿದ್ದಿರಿ.”

ಕೆಂಚನಾಯಕ ಒಂದು ಗಳಿಗೆ ಅವನನ್ನೇ ದುರುಗುಟ್ಟಿ ನೋಡಿದ. ಆಮೇಲೆ ಪದ್ಧತಿ ಮರೆತು, ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಗಹಗಹಿಸಿ ನಕ್ಕುಬಿಟ್ಟ. ಆ ನಗುವಿನ ಅರ್ಥವೇನೆಂದು ಎಲ್ಲರೂ ತಿಪ್ಪರಸನ ಮುಖ ನೋಡಿದರು.

“ಇದಕ್ಕೆ ಬಿಳಿ ಬೇಕಾಗಿಲ್ಲ” ಎಂದ ತಿಪ್ಪರಸ.