ಬೀರುವಿನೊಳಗಿನ ಹಾಳೆ

ಕಾರ್ಖಾನೆಯ ಹೊಸ ಮ್ಯಾನೇಜರ್ ಶೇಷಗಿರಿಯಪ್ಪನವರು ಬಂದವರೇ ಗೋಡೆ ಮೇಲಿದ್ದ ಕೆಲಸದ ಸೂಚನೆಯ ಹಾಳೆಗಳನ್ನೆಲ್ಲ ಕೀಳಿಸಿ, ತಮ್ಮ ಬೀರುವಿಗೆ ತುಂಬಿ ಬೀಗ ಜಡಿದರು.

"ಹಾಳೆ ನೋಡದೆ ಯಾರೂ ಕೆಲಸ ಮಾಡಕೂಡದು. ನನ್ನ ಸಹಿಯಿಲ್ಲದೆ ಯಾರೂ ಹಾಳೆ ನೋಡಕೂಡದು!"

"ಆಗಲಿ ಸಾರ್," ಎಂದ ಲಿಫ್ಟ್ ನಡೆಸುವ ಮಾದಯ್ಯ.

ಮರುದಿನವೇ ಕರೆಂಟು ಹೋಯಿತು. ಸಾಹೇಬರು ಲಿಫ್ಟಿನೊಳಗೆ ಸಿಕ್ಕಿಬಿದ್ದರು.

"ಬಾಗಿಲು ತೆಗೆಯೋ ಮಾದಯ್ಯ! ಮೇಲೆ ಮಾಲೀಕರು ಕಾಯ್ತಿದ್ದಾರೆ!"

"ಕರೆಂಟು ಹೋದಾಗ ಬಾಗಿಲು ತೆಗೆಯೋ ಹಾಳೆ ನಿಮ್ಮ ಬೀರುವಿನಲ್ಲಿದೆ ಸಾರ್."

"ಮೊದಲೆಲ್ಲ ನೋಡದೇನೇ ತೆಗೀತಿದ್ದೆಯಂತಲ್ಲೋ!"

"ಅದು ನಿಮ್ಮ ಆರ್ಡರಿಗೆ ಮುಂಚೆ ಸಾರ್."

ಮಾದಯ್ಯ ಬಾಗಿಲಿನ ಜಾಲರಿಯ ಸಂದಿಯಲ್ಲಿ ಹಾಳೆ ನೋಡಲು ಅನುಮತಿ ಕೋರುವ ಒಂದು ಅರ್ಜಿ, ಒಂದು ಪೆನ್ನು ತೂರಿಸಿದ. ಸಾಹೇಬರು ಬೆವರೊರೆಸಿಕೊಳ್ಳುತ್ತ ಸಹಿ ಗೀಚಿ, ಬೀರುವಿನ ಕೀಲಿಯ ಸಮೇತ ಹೊರಗೆ ತಳ್ಳಿದರು.

ಮಾದಯ್ಯ ಅರ್ಜಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ. ಆಮೇಲೆ ಬಲು ವಿನಯದಿಂದ ವಾಪಸ್ಸು ತೂರಿಸಿದ.

"ದಿನಾಂಕ ಹಾಕಿಲ್ಲ ಸಾರ್."