ಹುಣಸೆಮರದಡಿ ನಿಲ್ಲುತ್ತಿದ್ದ ಬಸ್ಸು

"ಗುರುಗಳೇ, ಒಬ್ಬನ ಲೆಕ್ಕ ತಪ್ಪಿರುವುದು ಕಂಡೂ ನಾನು ಸುಮ್ಮನಿದ್ದರೆ, ತಪ್ಪು ಮಾಡಿದವನು ಅವನೇ ತಾನೆ?" ಎಂದು ಸಂಗಯ್ಯ ಕೇಳಿದ.

ಸಂಗಯ್ಯ ಹದಿನಾಲ್ಕು ವರ್ಷ ಮಠದ ದಾಸೋಹ ನೋಡಿಕೊಂಡವನು. ಕಳೆದ ತಿಂಗಳು ಗುರುಗಳು ಆ ಕೆಲಸವನ್ನು ಹೊಸದಾಗಿ ಬಂದ ನೀಲಕಂಠನಿಗೆ ವಹಿಸಿದ್ದರು. ಮರುದಿನ ಅಮಾವಾಸ್ಯೆ. ಎಷ್ಟು ಜನಕ್ಕೆ ಅಡುಗೆ ಎಂದು ನೀಲಕಂಠ ಆಗಲೇ ಚೀಟಿ ಬರೆದು ಅಡುಗೆಮನೆಗೆ ಕೊಟ್ಟಿದ್ದ.

ಗುರುಗಳು "ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಂದು ಊರಿನ ಬಸ್ ಡಿಪೋದಲ್ಲಿ ಒಬ್ಬ ಮೇಲ್ವಿಚಾರಕನಿದ್ದ. ಯಾವ ಬಸ್ಸು ಯಾವ ದಾರಿಯಲ್ಲಿ ಹೋಗಬೇಕು ಎಂದು ಇಪ್ಪತ್ತೆರಡು ವರ್ಷ ಅವನೇ ನಿರ್ಧರಿಸಿದ್ದ. ಯಾವ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಸಂತೆಯ ದಿನ ಯಾವ ಊರಿನವರು ಬಾಗಿಲಿಗೆ ಜೋತುಬೀಳುತ್ತಾರೆ, ಎಲ್ಲ ಅವನ ತಲೆಯಲ್ಲಿತ್ತು. ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ.

ಊರಲ್ಲಿ ಹೊಗೆ ಹೆಚ್ಚಾಯಿತೆಂದು ಡೀಸೆಲ್ ಬಸ್ಸುಗಳ ಬದಲಿಗೆ ವಿದ್ಯುತ್ ಬಸ್ಸುಗಳು ಬಂದವು. ಒಮ್ಮೆ ಚಾರ್ಜ್ ಮಾಡಿದರೆ ಅವು ಇಂತಿಷ್ಟೇ ದೂರ ಓಡುತ್ತಿದ್ದವು. ಯಾವುದನ್ನು ಎಲ್ಲಿಗೆ ಬಿಡಬೇಕೆಂದು ನೋಡಲು ಒಬ್ಬಳು ಎಂಜಿನಿಯರ್ ಕಂಪ್ಯೂಟರ್ ತಂದಳು. ಅದರೊಳಗಿನ ಲೆಕ್ಕದ ವಿಧಾನಕ್ಕೆ ಅಲ್ಗಾರಿದಮ್ ಎಂದು ಹೆಸರು. ಮಾರಾಟವಾದ ಟಿಕೆಟ್ಟು, ದೂರ, ಏರುತಗ್ಗು, ಇಷ್ಟನ್ನು ಉಣಿಸಿದರೆ ಸಾಕು, ಯಾವ ದಾರಿಯಲ್ಲಿ ಹೊಗೆ ಕಡಿಮೆ, ಜನಕ್ಕೆ ಅನುಕೂಲ ಹೆಚ್ಚು ಎಂದು ಅರ್ಧ ಗಂಟೆಯಲ್ಲಿ ಹೇಳುತ್ತಿತ್ತು. ಮೇಲ್ವಿಚಾರಕ ಅದೇ ಕೆಲಸಕ್ಕೆ ಎರಡು ತಿಂಗಳು ತೆಗೆದುಕೊಳ್ಳುತ್ತಿದ್ದ, ನಡುವೆ ನಾಲ್ಕು ಸಲ ಕೋಪವನ್ನೂ ಮಾಡಿಕೊಳ್ಳುತ್ತಿದ್ದ.

ಅವನನ್ನು ಕೇಳಿ ಬಸ್ಸು ತೆಗೆಯುತ್ತಿದ್ದ ಚಾಲಕರು ಈಗ ಪರದೆ ನೋಡಿ ತೆಗೆಯತೊಡಗಿದರು. ಅವನಿಗೆ ಹೊಟ್ಟೆ ಉರಿಯಿತು. ಮನುಷ್ಯನ ಮೇಲಿನ ಹೊಟ್ಟೆಕಿಚ್ಚಾದರೆ ಅವನ ನಡತೆಯಲ್ಲೋ ಮೂಗಿನಲ್ಲೋ ಏನಾದರೂ ಕೊಂಕು ಹುಡುಕಿ ಸಮಾಧಾನ ಮಾಡಿಕೊಳ್ಳಬಹುದು. ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಏನು ಹುಡುಕುತ್ತಾನೆ? ಅದು ಯಾವಾಗ ತಪ್ಪುತ್ತದೆ ಎಂದು ಕಾದು ಕುಳಿತ.

ಒಂದು ದಿನ ಎಂಜಿನಿಯರ್ ತಂದ ಪಟ್ಟಿಯಲ್ಲಿ ಬೆಳಿಗ್ಗೆ ಆರರ ಬಸ್ಸು ಹಳೆಯ ರಸ್ತೆ ಬಿಟ್ಟು ಬೈಪಾಸ್ ಹಿಡಿದಿತ್ತು. ಹಳೆಯ ರಸ್ತೆಯಲ್ಲಿ ಹತ್ತುವವರೇ ಇಲ್ಲ ಎನ್ನುವುದು ಕಂಪ್ಯೂಟರಿನ ಲೆಕ್ಕ. ಆದರೆ ಆ ರಸ್ತೆಯ ಹುಣಸೆಮರದಡಿ ದಿನವೂ ಹದಿನೇಳು ಹೆಂಗಸರು ಕನಕಾಂಬರದ ಬುಟ್ಟಿ ಹಿಡಿದು ನಿಲ್ಲುತ್ತಿದ್ದರು. ಅಲ್ಲಿ ನಿಲ್ದಾಣವಿರಲಿಲ್ಲ. ಹಿಂದೊಮ್ಮೆ ಮೇಲ್ವಿಚಾರಕನೇ ಮರುಗಿ, ಅವರು ಕೈ ಅಡ್ಡ ಹಿಡಿದರೆ ನಿಲ್ಲಿಸಿ, ಬೈಪಾಸ್ ಕವಲಿಗೂ ಮೊದಲು ಸಿಗುವ ಹಿಂದಿನ ಊರಿನಿಂದ ಟಿಕೆಟ್ ಹರಿಯಿರಿ ಎಂದು ಕಂಡಕ್ಟರುಗಳಿಗೆ ಬಾಯಿಮಾತಿನಲ್ಲಿ ಹೇಳಿದ್ದ. ಟಿಕೆಟ್ಟಿನ ಪ್ರಕಾರ ಅವರೆಲ್ಲ ಹಿಂದಿನ ಊರಿನಲ್ಲಿ ಹತ್ತಿದವರು. ಮರದಡಿ ಯಾರೂ ಇರಲಿಲ್ಲ.

"ಸರ್, ಇದು ಕೊಡೋದು ಬರೀ ಸಲಹೆ. ತೀರ್ಮಾನ ನಿಮ್ಮದು. ಇದಕ್ಕೆ ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಹೇಳಿ, ಸೇರಿಸ್ತೀನಿ" ಎಂದಳು ಎಂಜಿನಿಯರ್.

"ಏನೂ ಇಲ್ಲ. ಸರಿಯಾಗಿದೆ" ಎಂದು ಅವನು ಸಹಿ ಹಾಕಿದ. ಅಂದು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ಹೆಂಗಸರು ಬಂದು ಪೆಟ್ಟಿಗೆಗೆ ಹಿಡಿಶಾಪ ಹಾಕಬೇಕು, ಆಗ ಎಲ್ಲರೂ ತನ್ನ ಕಡೆ ತಿರುಗಬೇಕು. ಇದು ಅವನ ಆಸೆ. ದಿನವೂ ಬಾಗಿಲ ಕಡೆ ನೋಡುತ್ತ ಕುಳಿತ. ಯಾರೂ ಬರಲಿಲ್ಲ. ಅವರೀಗ ಕಪ್ಪು ಹೊಗೆ ಕಾರುವ ಹಳೆಯ ಟೆಂಪೊ ಹತ್ತುತ್ತಿದ್ದಾರೆ ಎಂದು ಯಾರೋ ಹೇಳಿದರು. ಹೊಗೆ ಇಳಿಸಲು ಹೂಡಿದ ಲೆಕ್ಕ ಹೊಗೆ ಏರಿಸಿತ್ತು. ಆಗಲೂ ಅವನು ಬಾಯಿ ಬಿಡಲಿಲ್ಲ. ಒಳಗೊಳಗೇ ಖುಷಿಪಟ್ಟ.

ಮೂರನೆಯ ತಿಂಗಳು ಆ ಹೆಂಗಸರಲ್ಲಿ ಒಬ್ಬ ಮುದುಕಿ ಒಂದು ಮೊಳ ಹೂವು ಹಿಡಿದು ಬಂದಳು.

"ಚೆನ್ನಾಗಿದೀರಾ ಸ್ವಾಮಿ? ಬಸ್ಸು ಬರೋದು ನಿಂತಾಗ ನಿಮಗೇ ಏನೋ ಆಗೈತೆ ಅಂದ್ಕೊಂಡ್ವಿ. ನೀವಿದ್ದಿದ್ರೆ ನಮ್ಮನ್ನ ಮರೀತಿದ್ರಾ? ಅದಕ್ಕೇ ಯಾರನ್ನೂ ಕೇಳಕ್ ಬರ್ಲಿಲ್ಲ. ನಿನ್ನೆ ಕಂಡಕ್ಟ್ರು ನೀವು ಇಲ್ಲೇ ಇದೀರ ಅಂದ್ರು, ನೋಡ್ಕೊಂಡು ಹೋಗಾಣ ಅಂತ ಬಂದೆ."

ಮೇಲ್ವಿಚಾರಕ "ಹೂವಿನ ವ್ಯಾಪಾರ ಹೇಗಿದೆ?" ಎಂದು ಕೇಳಿದ.

"ಟೆಂಪೊ ಹೊತ್ತಿಗೆ ಸರಿಯಾಗಿ ಬರ್ತಿರ್ಲಿಲ್ಲ. ಮಾರ್ಕೆಟ್ ಮುಗಿದ್ಮೇಲೆ ಹೂವ ಯಾರು ತಗೋತಾರೆ? ಎಲ್ರೂ ಗಿಡ ಕಿತ್ತಾಕಿ ಇಟ್ಟಿಗೆ ಗೂಡಿಗೆ ಹೋಗ್ತಾ ಇದೀವಿ. ಇದೇ ಕೊನೇ ಹೂವು. ನಿಮ್ಮನೆ ಅಮ್ಮಾರಿಗೆ ಕೊಡಿ" ಎಂದು ಅವನ ಮೇಜಿನ ಮೇಲಿಟ್ಟು ಹೋದಳು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಅವನು ಬಸ್ಸನ್ನು ಹಳೆಯ ರಸ್ತೆಗೆ ತಿರುಗಿಸಲಿಲ್ಲವೆ?" ಎಂದು ಸಂಗಯ್ಯ ಕೇಳಿದ.

"ಮರುದಿನವೇ ತಿರುಗಿಸಿದ. ಮರದಡಿ ಯಾರೂ ಇರಲಿಲ್ಲ."

ಗುರುಗಳು ಎದ್ದು, ಅಡುಗೆಮನೆಯ ಕಡೆ ನೋಡಿ ಕೇಳಿದರು:

"ನಾಳೆ ದಾಸೋಹಕ್ಕೆ ಬೆಟ್ಟದಾಚೆಯಿಂದ ನಡೆದು ಬರುವ ಅರವತ್ತು ಜನರ ವಿಷಯ ನೀಲಕಂಠನಿಗೆ ಹೇಳಿದೆಯಾ?"