ದ್ಯಾಮವ್ವನ ಮೂರು ಕೂಗು

ದ್ಯಾಮವ್ವ ಬದನೆಕಾಯಿ ಮಾರುವವಳು. ಊರಿನ ನಿಂಗನಗೌಡ, ತನ್ನ ಹೊಲದ ಬದುವನ್ನು ಅವಳ ತಮ್ಮ ಫಕೀರಪ್ಪ ಒಡೆದನೆಂದು ಸುಳ್ಳು ಫಿರ್ಯಾದು ಹಾಕಿದ್ದ. ಜಾಮೀನಿಗೆ ಯಾರೂ ಮುಂದೆ ಬರದೆ ತಮ್ಮ ಎಂಟು ತಿಂಗಳಿಂದ ಜೈಲಿನಲ್ಲಿದ್ದ.

ಗೌಡ ಒಂದು ದಿನವೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಅವನ ಮನೆಯ ತುಪ್ಪ ಉಂಡ ಕೋರ್ಟಿನ ಶಿರಸ್ತೇದಾರ ಪ್ರತಿ ಸಲವೂ “ಗೌಡರಿಗೆ ಜ್ವರ ಸ್ವಾಮಿ” ಎಂದು ಮುಂದಿನ ತಾರೀಖು ಹಾಕಿಸುತ್ತಿದ್ದ. ಮೂರು ಸಲ ಹೆಸರು ಕೂಗಿದರೂ ಫಿರ್ಯಾದಿ ಬರದಿದ್ದರೆ ಖಟ್ಲೆ ವಜಾ ಆಗಿ ಆರೋಪಿಗೆ ಬಿಡುಗಡೆ ಸಿಗುತ್ತದೆಂದು ದ್ಯಾಮವ್ವ ಕೋರ್ಟಿನ ಜಗಲಿಯಲ್ಲಿ ಕೂತು ಕೂತೇ ಕಲಿತಿದ್ದಳು. ಆದರೆ ಗೌಡನ ಹೆಸರನ್ನು ಯಾರೂ ಕೂಗುತ್ತಲೇ ಇರಲಿಲ್ಲ.

ಅಂದು ಹೊಸ ನ್ಯಾಯಾಧೀಶರು ಬಂದಿದ್ದರು. “ಎಂಟು ತಿಂಗಳ ಜ್ವರವೇ? ಕೂಗಿಸಿ ನೋಡೋಣ” ಎಂದರು. ಶಿರಸ್ತೇದಾರ ಜವಾನನತ್ತ ಕಣ್ಣು ಮಿಟುಕಿಸಿದ. ಹೆಸರು ಕೂಗಬೇಕಾದ ಅವನು ಕುತ್ತಿಗೆ ಹಿಡಿದುಕೊಂಡು, “ಗಂಟಲು ಕಟ್ಟೇತ್ರಿ” ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ, ಊರ ಓಣಿಗಳಲ್ಲೆಲ್ಲ ಬದನೆಕಾಯಿ ಮಾರಿದ ದನಿ ಜಗಲಿಯಿಂದ ಎದ್ದಿತು. “ಫಿರ್ಯಾದಿ ನಿಂಗನಗೌಡಾ...!” ಒಂದಲ್ಲ, ಎರಡಲ್ಲ, ಮೂರು ಸಲ. ಕಿಟಕಿಯ ಗಾಜು ನಡುಗಿತು. ಗೌಡ ಮಾತ್ರ ಬರಲಿಲ್ಲ.

ಶಿರಸ್ತೇದಾರ ಹೊರಗೋಡಿ ಬಂದು ಗುಡುಗಿದ: “ಕೂಗಾಕ ನೀ ಯಾವಾಕಿ?”

“ಕೂಗಿಸ್ರಿ ಅಂದ್ರಲ್ರಿ ಸಾಹೇಬ್ರು. ನಿಮ್ಮ ಜವಾನಗ ಪಾಪ, ಗಂಟಲು ಬ್ಯಾನಿ. ಗೌಡ್ರ ಜ್ವರಾ ಅವಗೂ ಹತ್ತೇತೋ ಏನೋ!”

ಒಳಗೆ ನ್ಯಾಯಾಧೀಶರು ನಗು ತಡೆದುಕೊಂಡು ‘ವಜಾ’ ಎಂದು ಬರೆದರು.

ಸಂಜೆ ಜೈಲಿನ ಬಾಗಿಲು ತೆರೆದು ತಮ್ಮ ಹೊರಬಂದ. ಅವನ ಹೆಸರು ಕೂಗಬೇಕೆಂದು ದ್ಯಾಮವ್ವ ಬಾಯಿ ತೆರೆದಳು. ಕೋರ್ಟನ್ನೇ ನಡುಗಿಸಿದ ದನಿ ಆಗ ಹೊರಡಲೇ ಇಲ್ಲ.